ಡಬ್ಬಿಯೊಳಗಿನ ಮನೆಗಳು

ಆ ಮನೆಯಲ್ಲಿ ಮೊದಲ ಜಗಳ ಎದ್ದಿದ್ದು ಒಂದು ಬೇಯಿಸಿದ ಮೊಟ್ಟೆಯ ಮೇಲೆ. ಎಲ್ಲರೂ ಬಟಾಣಿ ಎಂದು ಕರೆಯುವ ಮೂರು ವರ್ಷದ ಮೊಮ್ಮಗಳು ಅದನ್ನು ಒಂದು ಚೂರು ಕಚ್ಚಿ, ಉಳಿದದ್ದನ್ನು ತಟ್ಟೆಯ ಅಂಚಿಗೆ ತಳ್ಳಿ, ಹೊಟ್ಟೆ ಹಿಡಿದುಕೊಂಡು ಕುಳಿತಳು.

“ಮಧ್ಯಾಹ್ನ ಏನು ತಿಂದ್ಲು ಮಾವ?” ಎಂದು ಸೊಸೆ ಕೇಳಿದಳು.

“ಅನ್ನ, ಹಾಲು” ಎಂದ ಮುದುಕ.

“ಎಷ್ಟು?”

“ಎಷ್ಟು ಅಂದ್ರೆ? ತಿಂದಷ್ಟು.”

ಸೊಸೆ ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಪಾರ್ಸಲ್ ತೂಗುವವಳು. ‘ತಿಂದಷ್ಟು’ ಎಂಬ ತೂಕ ಅವಳಿಗೆ ಒಪ್ಪಿಗೆಯಾಗಲಿಲ್ಲ.

“ಒಂದು ತಿಂಗಳಿಂದ ಹೀಗೇ ಆಗಿದೆ. ತಿನ್ನಲ್ಲ, ಹೊಟ್ಟೆನೋವು ಅಂತಾಳೆ, ಸುಮ್‌ಸುಮ್ನೆ ಅಳ್ತಾಳೆ. ಪಟಪಟ ಮಾತಾಡ್ತಿದ್ದ ಮಗು ಈಗ ಕೇಳಿದ್ದಕ್ಕೂ ಉತ್ತರ ಕೊಡಲ್ಲ. ನೀವು ಮಧ್ಯೆ ಬಿಸ್ಕತ್ತು ಕೊಡ್ತಿರ್ತೀರಿ ಅಲ್ವಾ?”

“ಒಂದೋ ಎರಡೋ.”

“ನೋಡಿದ್ರಾ?” ಎಂದು ಸೊಸೆ ಗಂಡನ ಕಡೆ ತಿರುಗಿದಳು. ಮಗ ಸಿಟಿ ಬಸ್ಸಿನ ಡ್ರೈವರ್. ದಿನವೆಲ್ಲ ಹಾರ್ನು ಕೇಳಿದ ಕಿವಿಗೆ ಮನೆಯಲ್ಲಿ ಯಾರು ದನಿ ಏರಿಸಿದರೂ ಆಗುತ್ತಿರಲಿಲ್ಲ. “ನಾಳೆ ಡಾಕ್ಟರ್ ಹತ್ರ ಕರ್ಕೊಂಡು ಹೋಗು. ಈಗ ಇಬ್ರೂ ನನಗೆ ಊಟ ಮಾಡೋಕೆ ಬಿಡಿ” ಎಂದ.

ಬೀದಿಯವರಿಗೆಲ್ಲ ಮುದುಕ ‘ಪೇಂಟರ್’. ಬ್ರಷ್ ಕೆಳಗಿಟ್ಟು ಎಂಟು ವರ್ಷವಾದರೂ ಹೆಸರು ಮಾತ್ರ ಮೈಗೆ ಅಂಟಿಕೊಂಡೇ ಇತ್ತು. ಹೆಂಡತಿ ತೀರಿಕೊಂಡ ಮೇಲೆ ಮೂರು ವರ್ಷ ಹಗಲುಗಳನ್ನು ಹೇಗೆ ತಳ್ಳಿದನೆಂದು ಅವನಿಗೇ ನೆನಪಿಲ್ಲ. ಬಟಾಣಿ ಹುಟ್ಟಿ, ಸೊಸೆ ಮತ್ತೆ ಕೆಲಸಕ್ಕೆ ಹೊರಟ ದಿನದಿಂದ ಅವನ ಹಗಲಿಗೆ ಒಬ್ಬ ಯಜಮಾನಿ ಸಿಕ್ಕಳು. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಮನೆಯಲ್ಲಿ ಇವರಿಬ್ಬರೇ. ಮುಖ ತೊಳೆಸುವುದು, ತುತ್ತು ಹಿಡಿದುಕೊಂಡು ಹಿಂದೆ ಹಿಂದೆ ಓಡುವುದು, ಊಟವಾದ ಮೇಲೆ ‘ಮನೆ ಆಟ’ ಆಡುವುದು, ಆಮೇಲೆ ಇಬ್ಬರೂ ಒಂದೇ ಚಾಪೆಯ ಮೇಲೆ ನಿದ್ದೆ ಮಾಡುವುದು. “ಈ ಮಗು ಇಲ್ದಿದ್ರೆ ನಾನು ಈ ಮನೇಲಿ ಒಂದು ಹಳೇ ಕುರ್ಚಿ” ಎಂದು ಅವನು ಪಕ್ಕದ ಮನೆಯ ಹೊಲಿಗೆಯವಳ ಹತ್ತಿರ ಒಮ್ಮೆ ಹೇಳಿದ್ದ. “ಕುರ್ಚಿ ಆದ್ರೆ ಕೂತ್ಕೊಳ್ಳೋಕಾದ್ರೂ ಆಗ್ತಿತ್ತು, ಪೇಂಟರೇ” ಎಂದು ಅವಳು ನಕ್ಕಿದ್ದಳು.

ಡಾಕ್ಟರು ಮಗುವಿನ ರಕ್ತ ಪರೀಕ್ಷೆ ಮಾಡಿಸಿದರು. ನಾಲ್ಕನೆಯ ದಿನ ಸೊಸೆ ವರದಿ ಹಿಡಿದುಕೊಂಡು, ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು.

“ರಕ್ತದಲ್ಲಿ ಸೀಸ ಇದೆಯಂತೆ. ಇರಲೇಬಾರ್ದು ಅಂತಾರೆ, ಇವಳಿಗೆ ಹದಿನೆಂಟು ಮೈಕ್ರೋಗ್ರಾಂ ಇದೆ. ಹೀಗೇ ಬಿಟ್ರೆ ಮಿದುಳಿಗೆ ಏಟು ಬೀಳುತ್ತಂತೆ ರೀ.”

“ಸೀಸ ಎಲ್ಲಿಂದ ಬಂತು?” ಎಂದ ಮಗ.

“ಮನೆ ಎಷ್ಟು ಹಳೇದು ಅಂತ ಕೇಳಿದ್ರು. ಮಾವ ಹುಟ್ಟೋಕೆ ಮುಂಚೆ ಕಟ್ಟಿದ್ದು ಅಂದೆ. ಹಾಗಾದ್ರೆ ಬಣ್ಣ ನೋಡಿಸಿ ಅಂದ್ರು. ಆ ಕಾಲದ ಬಣ್ಣಕ್ಕೆ ಸೀಸ ಬೆರೆಸ್ತಿದ್ರಂತೆ.”

ಇಬ್ಬರೂ ಮುದುಕನ ಕಡೆ ನೋಡಿದರು. ಆ ಮನೆಯ ಒಂದೊಂದು ಬಾಗಿಲನ್ನೂ ಬಳಿದ ಕೈ ಅದು.

“ಬೆರೆಸ್ತಿದ್ರು. ಬೇಗ ಒಣಗ್ಲಿ, ಬಿಸಿಲು ಮಳೆಗೆ ತಡೀಲಿ ಅಂತ. ಒಳ್ಳೇ ಬಣ್ಣ ಅಂದ್ರೆ ಅದೇ ಆಗಿತ್ತು” ಎಂದ ಅವನು. “ನಲವತ್ತು ವರ್ಷ ಅದರಲ್ಲೇ ಕೈ ಅದ್ದಿದೀನಿ. ನಂಗೇನಾಗಿದೆ?”

“ನಿಮ್ಮ ಕೈ ನಡುಗಲ್ವಾ ಮಾವ?”

“ಅದು ವಯಸ್ಸಿಗೆ” ಎಂದು ಮುದುಕ ಕೈಗಳನ್ನು ಜೇಬಿಗೆ ಹಾಕಿಕೊಂಡ.

ಆರೋಗ್ಯ ಕಚೇರಿಯಿಂದ ಒಬ್ಬಳು ಬಂದಳು. ಮುದುಕ ಅವಳಿಗೆ ಮೊದಲ ದಿನವೇ ‘ಇನ್‌ಸ್ಪೆಕ್ಟರಮ್ಮ’ ಎಂದು ಹೆಸರಿಟ್ಟ. ಅವಳು ಕಿಟಕಿಯ ಚೌಕಟ್ಟಿನ ಮೇಲೆ ಬ್ಲೇಡಿನಿಂದ ಓರೆಯಾಗಿ ಒಂದು ಗೀರು ಹಾಕಿ, ಒಳಗಿನ ಪದರಗಳೆಲ್ಲ ಕಾಣುವಂತೆ ಮಾಡಿ, ಸೀಸ ತಗುಲಿದರೆ ಕೆಂಪಾಗುವ, ಹತ್ತಿ ಸುತ್ತಿದ ಒಂದು ಕಡ್ಡಿಯನ್ನು ಅಲ್ಲಿ ಉಜ್ಜಿದಳು. ಕೈ ಪಳಗಿದೆ ಎಂದು ಮುದುಕ ಮನಸ್ಸಿನಲ್ಲೇ ಮೆಚ್ಚಿದ. ಅರ್ಧ ನಿಮಿಷದಲ್ಲಿ ಹತ್ತಿ ಕೆಂಪಾಯಿತು. ಅಡುಗೆಮನೆಯ ಬಾಗಿಲಲ್ಲೂ ಕೆಂಪು, ಮಲಗುವ ಕೋಣೆಯ ಕಿಟಕಿಯಲ್ಲೂ ಕೆಂಪು.

“ಗಟ್ಟಿಯಾಗಿ ಕೂತಿರೋ ಬಣ್ಣ ಅಷ್ಟು ಕೆಟ್ಟದ್ದಲ್ಲ” ಎಂದು ಅವಳು ವಿವರಿಸಿದಳು. “ಕಿಟಕಿ ಬಾಗಿಲು ಹಾಕಿ ತೆಗೆದು ಮಾಡುವಾಗ ಉಜ್ಜಿ ಪುಡಿಯಾಗುತ್ತೆ ನೋಡಿ, ಅದು ಅಪಾಯ. ಒಣಗಿದ್ದನ್ನ ಉಜ್ಜಬೇಡಿ, ಸುಡಬೇಡಿ, ಪೊರಕೆಯಲ್ಲಿ ಗುಡಿಸಬೇಡಿ. ನೀರು ಚಿಮುಕಿಸಿ ಕೆರೀರಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸ ಮುಗಿಯೋವರೆಗೆ ಮಗು ಈ ಮನೇಲಿ ಇರಬಾರದು.”

“ನೀರು ಹಾಕಿ ಕೆರೆದ್ರೆ ಮೇಲೆ ಬಣ್ಣ ಹಿಡಿಯಲ್ಲಮ್ಮ.”

“ಒಣಗಲು ಬಿಟ್ಟರೆ ಹಿಡಿಯುತ್ತೆ. ಅವಸರ ಏನಿದೆ ನಿಮಗೆ?” ಎಂದಳು ಅವಳು. ಮಗ ನಗು ತಡೆದುಕೊಂಡ. ಅಪ್ಪನಿಗೆ ಬಣ್ಣದ ಪಾಠ ಹೇಳಿದವರನ್ನು ಅವನು ನೋಡಿದ್ದು ಅದೇ ಮೊದಲು.

ಹೊರಡುವ ಮುನ್ನ ಅವಳು ಒಂದು ಪಟ್ಟಿ ತೆಗೆದು ಕೇಳಿದಳು. ಹಳೆಯ ಆಟಿಕೆ? ಇಲ್ಲ. ಬಣ್ಣ ಬಳಿದ ಪಾತ್ರೆ? ಇಲ್ಲ. “ಹಳೇ ಬಣ್ಣ ಏನಾದ್ರೂ ಇಟ್ಟಿದ್ದೀರಾ ಮನೇಲಿ?”

“ಕೆಲಸ ಬಿಟ್ಟ ವರ್ಷವೇ ಎಲ್ಲ ಡಬ್ಬ ಕೊಟ್ಟುಬಿಟ್ಟೆ. ಎರಡು ಬ್ರಷ್ ಇವೆ, ತೊಳೆದಿಟ್ಟಿದ್ದು” ಎಂದ ಮುದುಕ. ಅವನು ಸುಳ್ಳು ಹೇಳಲಿಲ್ಲ. ತನಗೆ ತಿಳಿದಿದ್ದಷ್ಟನ್ನು ಹೇಳಿದ.

ಸೊಸೆ ಮಗುವನ್ನು ಕರೆದುಕೊಂಡು ಊರಿನ ಇನ್ನೊಂದು ತುದಿಯಲ್ಲಿದ್ದ ಅಕ್ಕನ ಮನೆಗೆ ಹೋದಳು. ಮಗ ಒಂದು ವಾರ ರಜೆ ಹಾಕಿದ. ಅಪ್ಪ ಮಗ ಇಬ್ಬರೂ ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಮೂಗಿಗೆ ಮಾಸ್ಕ್ ಕಟ್ಟಿ, ಒಬ್ಬ ನೀರು ಚಿಮುಕಿಸಿದರೆ ಇನ್ನೊಬ್ಬ ಕೆರೆದರು. ಕೆರೆದದ್ದನ್ನು ಎರಡು ಚೀಲಗಳಲ್ಲಿ ಒಂದರೊಳಗೊಂದು ಕಟ್ಟಿಟ್ಟರು. ಕೆಲಸದ ಬಟ್ಟೆ ಒಗೆಯಲು ಬೇರೆಯದೇ ಬಕೆಟ್ಟು. ಮಧ್ಯಾಹ್ನ ಅಂಗಳದಲ್ಲಿ ಕೈತೊಳೆದು ಬ್ರೆಡ್ಡು, ಮೊಟ್ಟೆ ತಿಂದರು.

ಮಲಗುವ ಕೋಣೆಯ ಕಿಟಕಿಯಲ್ಲಿ ಕೆನೆಬಣ್ಣದ ಕೆಳಗೆ ನೀಲಿ, ನೀಲಿಯ ಕೆಳಗೆ ಹಸಿರು ಕಂಡಿತು.

“ಈ ಹಸಿರು ನಿಮ್ಮಮ್ಮ ಆರಿಸಿದ್ದು. ಒಂದು ತಿಂಗಳು ಆದ್ಮೇಲೆ ಆಸ್ಪತ್ರೆ ಥರ ಇದೆ, ಯಾರು ಬಳಿದದ್ದು ಇದನ್ನ ಅಂತ ನನ್ನೇ ಬೈದ್ಲು.”

“ಕೆರಿ ಅಪ್ಪ, ಕತೆ ಆಮೇಲೆ.”

ಮುದುಕ ಕೆರೆದ. ಅವಳಿದ್ದ ವರ್ಷಗಳು ಒದ್ದೆ ಚೂರುಗಳಾಗಿ ಪ್ಲಾಸ್ಟಿಕ್ಕಿನ ಮೇಲೆ ಬಿದ್ದವು. ಅವನಿಗೆ ಅಳು ಬಂತು. ಮಾಸ್ಕ್ ಇದ್ದದ್ದರಿಂದ ಮಗನಿಗೆ ಕಾಣಲಿಲ್ಲ.

ರಜೆ ಮುಗಿದು ಮಗ ಬಸ್ಸಿಗೆ ಹೋದ ಮೇಲೆ ಎರಡು ವಾರ ಮುದುಕ ಒಬ್ಬನೇ ಕೆರೆದ, ಒರೆಸಿದ, ಹೊಸ ಬಣ್ಣ ಬಳಿದ. ಸಂಜೆ ಏಳಕ್ಕೆ ಸೊಸೆಯ ಫೋನು ಬರುತ್ತಿತ್ತು.

“ಮಾವ, ಇವಳು ‘ಮನೆ ಬೇಕು, ಮನೆ ಬೇಕು’ ಅಂತ ಒಂದೇ ಸಮ ಹಟ ಮಾಡ್ತಾಳೆ. ನಂಗೆ ಕರುಳು ಕಿತ್ತು ಬರುತ್ತೆ” ಎಂದು ಅವಳು ಅತ್ತಳು. ಮಗು ಫೋನು ಕಿತ್ತುಕೊಂಡು, “ತಾತ, ನಂಗೆ ಮನೆ ತಂದ್ಕೊಡು” ಎಂದಿತು.

“ತರ್ತೀನಿ ಬಂಗಾರ. ಇನ್ನೊಂದು ಸ್ವಲ್ಪ ದಿನ” ಎಂದ. ಮಗು ಕೇಳುತ್ತಿರುವುದು ಯಾವ ಮನೆಯೆಂದು ಅವನಿಗೆ ಗೊತ್ತಿತ್ತು. ತೆಗೆದುಕೊಂಡು ಹೋಗಿಬಿಡುತ್ತಿದ್ದನೋ ಏನೋ. ಆದರೆ ಈ ಮನೆಯಿಂದ ಒಂದು ಕಡ್ಡಿಯನ್ನೂ ಅಲ್ಲಿಗೆ ಒಯ್ಯಬಾರದೆಂದು ಇನ್‌ಸ್ಪೆಕ್ಟರಮ್ಮ ಹೇಳಿದ್ದಳು.

ಮೂರು ವಾರ ಕಳೆದು ರಕ್ತ ನೋಡಿಸಿದಾಗ ಹದಿನೆಂಟು ಇದ್ದದ್ದು ಹದಿನಾಲ್ಕಕ್ಕೆ ಇಳಿದಿತ್ತು. ತಾಯಿ ಮಗು ಮನೆಗೆ ಬಂದರು. ಸೊಸೆ ಹೊಸ ಕಿಟಕಿಗಳನ್ನು ಮುಟ್ಟಿ ನೋಡಿ, “ಎಷ್ಟು ಚೆನ್ನಾಗಿ ಮಾಡಿದ್ದೀರಿ ಮಾವ” ಎಂದಳು. ಅವಳು ಅವನನ್ನು ಹೊಗಳಿದ್ದು ಬಹಳ ದಿನಗಳ ಮೇಲೆ. ಅಂದು ಎಲ್ಲರೂ ಒಟ್ಟಿಗೆ ಕೂತು ಉಂಡರು. ಬಟಾಣಿ ಒಂದು ಇಡೀ ಮೊಟ್ಟೆ ತಿಂದಳು.

ಆದರೆ ಎರಡು ವಾರ ಕಳೆಯುವುದರೊಳಗೆ ಮೊಟ್ಟೆ ಮತ್ತೆ ತಟ್ಟೆಯ ಅಂಚಿಗೆ ಹೋಯಿತು. ರಕ್ತ ನೋಡಿಸಿದರೆ ಇಪ್ಪತ್ತೆರಡು.

“ಅರ್ಧಂಬರ್ಧ ಕೆಲಸ ಮಾಡಿದ್ದೀರಿ. ಎಲ್ಲೋ ಒಂದು ಮೂಲೆ ಬಿಟ್ಟಿದ್ದೀರಿ” ಎಂದು ಸೊಸೆ ಗಂಡನ ಮೇಲೆ ಹರಿಹಾಯ್ದಳು.

“ಇಂಚಿಂಚೂ ಒರೆಸಿದ್ದೀವಿ. ನಿಮ್ಮಕ್ಕನ ಮನೆ ಏನು ಹೊಸದಾ? ಅಲ್ಲಿಂದ ತಂದಿರಬಹುದು.”

“ಅಲ್ಲಿ ಇಳೀತು ರೀ! ಇಲ್ಲಿ ಏರಿದೆ! ಇನ್ನು ಈ ಮನೇಲಿ ನಾನಿರಲ್ಲ. ಬಾಡಿಗೆ ಮನೆ ನೋಡಿ.”

“ಅಪ್ಪನ್ನ ಎಲ್ಲಿ ಬಿಡ್ಲಿ?”

ಸೊಸೆ ಮಗುವಿನ ಬಟ್ಟೆಗಳನ್ನು ಮಡಿಸತೊಡಗಿದಳು. ಬಾಗಿಲಾಚೆ ಚಾಪೆ ಹಾಸುತ್ತಿದ್ದ ಮುದುಕನಿಗೆ ಎಲ್ಲವೂ ಕೇಳಿಸಿತು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಬಟಾಣಿ ಎಂದಿನಂತೆ ಕಪಾಟಿನ ಕೆಳಗಿನಿಂದ ತಗಡಿನ ಡಬ್ಬಿ ಎಳೆದು ತಂದಳು. ಒಂದು ಕಾಲದಲ್ಲಿ ಅದು ಚಹಾಪುಡಿಯ ಡಬ್ಬಿ. ಈಗ ಅದರಲ್ಲಿ ಉಗುರಿನಗಲದ ಬಣ್ಣದ ಚಕ್ಕೆಗಳಿದ್ದವು. ಬಣ್ಣ ಬೆರೆಸುವ ಯಂತ್ರ ಅಂಗಡಿಗೆ ಬರುವ ಮುಂಚೆ ಹಳೆಯ ಗೋಡೆಗೆ ಹೊಂದುವ ಬಣ್ಣವನ್ನು ಪೇಂಟರು ಕೈಯಲ್ಲೇ ಬೆರೆಸಬೇಕಿತ್ತು. ಅದಕ್ಕೆಂದು ಅವನು ಪ್ರತಿ ಮನೆಯ ಬಾಗಿಲಿಂದ ಒಂದು ಚಕ್ಕೆ ಕೆತ್ತಿ ತರುತ್ತಿದ್ದ. ಕೆಲಸ ಮುಗಿದರೂ ಎಸೆಯಲು ಮನಸ್ಸಾಗುತ್ತಿರಲಿಲ್ಲ. ಇದು ವಕೀಲರ ಮನೆ, ಇದು ಅವಳಿ ಮಕ್ಕಳ ಮನೆ, ಇದು ನಾಯಿ ಕಚ್ಚಿದ ಮನೆ ಎಂದು ಒಂದೊಂದಕ್ಕೂ ಗುರುತಿತ್ತು. ಅವನ ಮಾತಿನಲ್ಲಿ ಅವು ಚಕ್ಕೆಗಳಲ್ಲ, ಬಣ್ಣವಂತೂ ಅಲ್ಲವೇ ಅಲ್ಲ. ಅವು ‘ಮನೆಗಳು’. ಮೊಮ್ಮಗಳೂ ಹಾಗೇ ಕರೆಯುತ್ತಿದ್ದಳು.

ಆಟ ಇಷ್ಟೇ. ತಾತ ಕಣ್ಣು ಮುಚ್ಚಿ ಅಂಗೈ ಚಾಚಬೇಕು. ಮಗು ಒಂದು ‘ಮನೆ’ ಇಡುತ್ತದೆ. ಹೆಬ್ಬೆರಳಿನಿಂದ ಸವರಿ ಯಾರ ಮನೆಯೆಂದು ಅವನು ಹೇಳಬೇಕು, ಆ ಮನೆಯ ಒಂದು ಕತೆಯನ್ನೂ ಹೇಳಬೇಕು. ಕಣ್ಣು ಬಿಟ್ಟರೆ ಸೋತ ಹಾಗೆ. ಒಂದು ವರ್ಷದಲ್ಲಿ ಅವನು ಒಮ್ಮೆಯೂ ಸೋತಿರಲಿಲ್ಲ.

ಅಂದು ಅಂಗೈ ಮೇಲೆ ಬಿದ್ದ ಚಕ್ಕೆ ಒದ್ದೆಯಾಗಿತ್ತು. ಹಿಂದೆಯೂ ಎಷ್ಟೋ ಸಲ ಒದ್ದೆಯಿರುತ್ತಿತ್ತು. ಮಕ್ಕಳ ಕೈ, ಬೆವರಿರುತ್ತದೆ ಎಂದುಕೊಂಡಿದ್ದ. ಅಂದು ಅವನು ಕಣ್ಣು ಬಿಟ್ಟ.

ಬಟಾಣಿಯ ಕೆನ್ನೆ ಒಂದು ಕಡೆ ಉಬ್ಬಿತ್ತು.

“ಸೋತೆ ತಾತ!” ಎಂದಳು ಬಾಯಿ ತುಂಬಿಕೊಂಡು.

“ಉಗಿ! ಉಗಿ ಮೊದ್ಲು!”

ಅವಳು ಹೆದರಿ ಅವನ ಅಂಗೈಗೆ ಉಗಿದಳು. ಹಸಿರು ಚಕ್ಕೆ, ಅಂಚು ಸವೆದಿತ್ತು.

“ದಿನಾ ತಿಂತೀಯಾ ಇದನ್ನ?”

“ವಕೀಲರ ಮನೆ ಸಿಹಿ. ನಾಯಿ ಮನೆ ಚೆನ್ನಾಗಿಲ್ಲ” ಎಂದಳು. ಮುದುಕ ಅವಳ ಬಾಯೊಳಗೆ ಬೆರಳು ಹಾಕಿ ತೊಳೆದ, ಕೈ ತೊಳೆದ, ಮತ್ತೆ ಬಾಯಿ ತೊಳೆದ. ನೀರೆಲ್ಲ ಮಗುವಿನ ಅಂಗಿಯ ಮೇಲೇ ಹೋಯಿತು.

ಅವಳು ಅತ್ತು ಮಲಗಿದ ಮೇಲೆ ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಸದ್ದಿಲ್ಲದೆ ಇದನ್ನು ಸಾಗಹಾಕಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಸಂಖ್ಯೆ ತಾನಾಗಿಯೇ ಇಳಿಯುತ್ತದೆ, ಮಗು ತನ್ನ ಹತ್ತಿರವೇ ಉಳಿಯುತ್ತದೆ. ಹೇಳಿದರೆ ಉಳಿಯುವುದಿಲ್ಲ. ಇದರಲ್ಲಿ ಲೆಕ್ಕ ಹಾಕುವಂಥದ್ದೇನೂ ಇರಲಿಲ್ಲ. ಆದರೆ ಮಗುವಿನ ಹೊಟ್ಟೆಗೆ ಎಷ್ಟು ಚೂರು ಹೋಗಿದೆಯೋ ಯಾರಿಗೆ ಗೊತ್ತು?

ಸಂಜೆ ಊಟಕ್ಕೆ ಕೂತಾಗ ಅವನು ಡಬ್ಬಿಯನ್ನು ಒಂದು ಚೀಲದಲ್ಲಿ ಕಟ್ಟಿ ಬಾಗಿಲ ಹೊರಗಿಟ್ಟು ಬಂದ.

“ಬಾಡಿಗೆ ಮನೆ ನೋಡಬೇಡಿ. ಕೂಸು ಕಂಕುಳಲ್ಲಿ ಇಟ್ಕೊಂಡು ಊರೆಲ್ಲ ಹುಡುಕಿದ್ರು ಅಂತಾರಲ್ಲ, ಹಾಗಾಯ್ತು. ಕೊಡ್ತಿದ್ದದ್ದು ನಾನೇ” ಎಂದು ಹೇಳಿ, ಎಲ್ಲವನ್ನೂ ಹೇಳಿದ.

ಮಗನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. “ಅಪ್ಪ, ಅವತ್ತು ಅವರು ಕೇಳಿದ್ರಲ್ಲ, ಹಳೇ ಬಣ್ಣ ಇದೆಯಾ ಅಂತ!”

“ಅದು ಬಣ್ಣ ಅಂತ ನಂಗೆ ಹೊಳೀಲೇ ಇಲ್ಲ ಕಣೋ.”

“ನಲವತ್ತು ವರ್ಷದ ಪೇಂಟರಿಗೆ ಹೊಳೀಲಿಲ್ವಾ?” ಎಂದಳು ಸೊಸೆ. ಅವಳ ದನಿ ಏರಿತು. “ಎದುರಿಗೇ ಕೂತಿದ್ರಲ್ಲ ಮಾವ! ನಿಮ್ಮ ಎದುರಿಗೇ ತಿಂತಿತ್ತಲ್ಲ ಮಗು!”

“ಕಣ್ಣು ಮುಚ್ಚಿರ್ತಿದ್ದೆ” ಎಂದ ಮುದುಕ. ಹೇಳಿದ ಮೇಲೆ ಅದು ಎಂಥ ಮಾತೆಂದು ಅವನಿಗೇ ನಾಚಿಕೆಯಾಯಿತು.

ಸೊಸೆ ಆಗಲೇ ಡಾಕ್ಟರಿಗೆ ಫೋನು ಮಾಡಿದಳು. ಮರುದಿನ ಹೊಟ್ಟೆಯ ಎಕ್ಸ್‌ರೇಯಲ್ಲಿ ಮೂರು ಬಿಳಿ ಚುಕ್ಕೆ ಕಂಡವು. ಮಗುವನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಔಷಧಿ ಕೊಟ್ಟು ಹೊಟ್ಟೆ ಖಾಲಿ ಮಾಡಿಸಿದರು. “ಬೇಗ ಹೇಳಿದ್ದು ಒಳ್ಳೇದಾಯ್ತು” ಎಂದರಂತೆ ಡಾಕ್ಟರು. ಮಗ ಅದನ್ನು ಮನೆಗೆ ಬಂದು ಅಪ್ಪನಿಗೆ ಎರಡು ಸಲ ಹೇಳಿದ. ಇನ್‌ಸ್ಪೆಕ್ಟರಮ್ಮ ಡಬ್ಬಿಯನ್ನು ತೆಗೆದುಕೊಂಡು ಹೋದಳು. “ನಾನೇ ಇನ್ನೊಂದು ಸಲ ಬಿಡಿಸಿ ಕೇಳಬೇಕಿತ್ತು” ಎಂದು ಅವಳೂ ಪೇಚಾಡಿಕೊಂಡಳು.

ಬಟಾಣಿ ಮನೆಗೆ ಬಂದಳು. ಸೊಸೆ ಹತ್ತು ದಿನ ರಜೆ ಹಾಕಿ ಮನೆಯಲ್ಲೇ ಉಳಿದಳು. ಆ ಹತ್ತು ದಿನ ಅವಳು ಮಾವನಿಗೆ ಹೊತ್ತು ಹೊತ್ತಿಗೆ ಬಡಿಸಿದಳು, ಅವನ ಬಟ್ಟೆ ಒಗೆದಳು, ಒಂದು ಕೆಟ್ಟ ಮಾತು ಆಡಲಿಲ್ಲ. ಮಗುವನ್ನು ಅವನ ಹತ್ತಿರ ಬಿಟ್ಟು ಸ್ನಾನಕ್ಕೂ ಹೋಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮುದುಕನಿಗೆ ಅನ್ನಿಸುತ್ತಿತ್ತು.

ಒಂದು ಬೆಳಗ್ಗೆ ಅವಳೇ ಮಾತು ತೆಗೆದಳು. “ಮಾವ, ನಂಗೆ ನಿಮ್ಮ ಮೇಲೆ ಕೋಪ ಇಲ್ಲ. ಆದ್ರೆ ಕೌಂಟರಲ್ಲಿ ನಿಂತ್ರೆ ಕೈ ಓಡಲ್ಲ. ಈಗ ಏನು ಬಾಯಿಗೆ ಹಾಕ್ಕೊಂಡ್ಲೋ ಅಂತ ಜೀವ ಹೊಡ್ಕೊಳ್ಳುತ್ತೆ. ಇವಳನ್ನ ಶಿಶುವಿಹಾರಕ್ಕೆ ಸೇರಿಸೋಣ ಅಂತಿದೀನಿ.”

“ಮೂರು ವರ್ಷಕ್ಕೇ?”

“ಮೂರಕ್ಕೆ ತಗೋತಾರೆ. ಆದ್ರೆ ಆ ಕಟ್ಟಡವೂ ಹಳೇದು. ಇನ್‌ಸ್ಪೆಕ್ಟರಮ್ಮ ಬರೋಕೆ ಇನ್ನೂ ಒಂದು ತಿಂಗಳಾಗುತ್ತಂತೆ. ನಾಲ್ಕು ಕಡ್ಡಿ ಕೊಟ್ಟಿದ್ದಾರೆ, ನಿಮ್ಮ ಮಾವನೇ ನೋಡ್ಲಿ, ಎಲ್ಲಿ ನೋಡ್ಬೇಕು ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಅಂದ್ರು. ಬರ್ತೀರಾ?”

ಮುದುಕ ಒಗೆದ ಅಂಗಿ ಹಾಕಿಕೊಂಡು ಹೊರಟ.

ಶಿಶುವಿಹಾರ ಎರಡು ದೊಡ್ಡ ಕೋಣೆ, ಹಿಂದೆ ಒಂದು ಅಡುಗೆಮನೆ. ಅಲ್ಲಿನ ಟೀಚರ್ ಎಲ್ಲಿ ಬೇಕಾದರೂ ನೋಡಿ ಎಂದರು. ಅವನು ಅವಸರ ಮಾಡಲಿಲ್ಲ. ಗೋಡೆಗಳನ್ನು ಬಿಟ್ಟ, ಕಿಟಕಿಗಳನ್ನು ಹಿಡಿದ. ಕಿಟಕಿಯ ಕದ ಚೌಕಟ್ಟಿಗೆ ಉಜ್ಜುವ ಜಾಗದಲ್ಲಿ ಬ್ಲೇಡಿನಿಂದ ಓರೆಯಾಗಿ ಗೀರಿದ. ಬಣ್ಣದ ಕೆಳಗೆ ಹೊಸ ಮರ. ಯಾರೋ ಕಿಟಕಿಗಳನ್ನೆಲ್ಲ ಬದಲಾಯಿಸಿದ್ದರು. ಕಡ್ಡಿ ಬೆಳ್ಳಗೇ ಉಳಿಯಿತು. ಅಡುಗೆಮನೆಯ ಬಾಗಿಲಲ್ಲೂ ಬೆಳ್ಳಗೇ. ಮಕ್ಕಳು ಕೈ ಹಿಡಿದು ಹತ್ತುವ ಮೆಟ್ಟಿಲಿನ ಕಟಕಟೆಯಲ್ಲೂ ಅಷ್ಟೇ.

ಉಳಿದದ್ದು ಒಂದೇ ಕಡ್ಡಿ. ಅವನು ಹಿತ್ತಲ ಬಾಗಿಲಿಗೆ ಬಂದ. ಇಡೀ ಕಟ್ಟಡದಲ್ಲಿ ಹಳೆಯದಾಗಿ ಕಂಡದ್ದು ಅದೊಂದೇ. ಗೀರಿದಾಗ ಪದರದ ಮೇಲೆ ಪದರ ಕಂಡಿತು. ಕಡ್ಡಿ ಉಜ್ಜಿ ಅವನು ಕಾದ. ಕೆಂಪಾಗಲಿ ಎಂದು ಬೇಡಿಕೊಂಡ. ನಲವತ್ತು ವರ್ಷದಲ್ಲಿ ಯಾವ ಬಣ್ಣಕ್ಕೂ ಅವನು ಅಷ್ಟು ಆಸೆಪಟ್ಟಿರಲಿಲ್ಲ. ಬೇಡಿಕೊಳ್ಳುತ್ತಿರುವುದು ಏನನ್ನೆಂದು ಮರುಗಳಿಗೆ ಹೊಳೆದು ಮೈಯೆಲ್ಲ ಬೆವರಿತು.

ಅರ್ಧ ನಿಮಿಷವಾಯಿತು. ಒಂದು ನಿಮಿಷವಾಯಿತು. ಹತ್ತಿ ಬೆಳ್ಳಗೆ ಇತ್ತು.

ಸೊಸೆ ಹಿಂದೆ ನಿಂತಿದ್ದಳು. ಅವಳಿಗೆ ಕಡ್ಡಿ ಕಾಣಿಸುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಅವನ ಮುಖವನ್ನು.

“ಹೇಳಿ ಮಾವ. ನೀವು ಬೇಡ ಅಂದ್ರೆ ಸೇರ್ಸಲ್ಲ. ಇನ್ನೊಂದು ವರ್ಷ ಮನೇಲೇ ಇರ್ಲಿ ಅಂತ ನಾನೂ ಮನಸ್ಸು ಗಟ್ಟಿ ಮಾಡ್ಕೋತೀನಿ.”

ಒಂದು ‘ಬೇಡ’ ಸಾಕಿತ್ತು. ಒಳಗೆ ಬಟಾಣಿ ಆಗಲೇ ಇನ್ನೊಂದು ಮಗುವಿನ ಜೊತೆ ನೆಲದ ಮೇಲೆ ಕೂತು ಏನೋ ಜೋಡಿಸುತ್ತಿದ್ದಳು. ತಿಂಗಳುಗಳ ಮೇಲೆ ಪಟಪಟ ಮಾತು ಕೇಳಿಸುತ್ತಿತ್ತು.

“ಸೇರ್ಸಮ್ಮ” ಎಂದ ಮುದುಕ. “ಧೈರ್ಯವಾಗಿ ಬಿಡಬಹುದು.”

ಸೋಮವಾರ ಎಂಟಕ್ಕೆ ಮೂವರೂ ಒಟ್ಟಿಗೆ ಹೊರಟುಹೋದರು. ಮುದುಕ ಒದ್ದೆ ಬಟ್ಟೆಯಲ್ಲಿ ಕಿಟಕಿಗಳನ್ನೆಲ್ಲ ಒರೆಸಿದ. ಮಧ್ಯಾಹ್ನ ಒಂದು ಮೊಟ್ಟೆ ಬೇಯಿಸಿ ತಿಂದ. ಚಾಪೆ ಹಾಸಿದ, ನಿದ್ದೆ ಬರಲಿಲ್ಲ, ಎದ್ದು ಅಂಗಳಕ್ಕೆ ಬಂದು ನಿಂತ.

“ಏನು ಪೇಂಟರೇ, ಬೆಳಗ್ಗೆಯಿಂದ ನಿಮ್ಮನೇಲಿ ಸದ್ದೇ ಇಲ್ಲ?” ಎಂದು ಹೊಲಿಗೆಯವಳು ಯಂತ್ರ ನಿಲ್ಲಿಸಿ ಕೇಳಿದಳು. “ಮಗು ಎಲ್ಲಿ?”

“ಶಿಶುವಿಹಾರಕ್ಕೆ ಸೇರಿಸಿದ್ವಿ.”

“ಅಯ್ಯೋ, ಅಷ್ಟು ಚಿಕ್ಕದನ್ನಾ? ಜಾಗ ಹೇಗಿದೆಯೋ ಏನೋ.”

“ಜಾಗ ಚೆನ್ನಾಗಿದೆ” ಎಂದ ಅವನು. “ನಾನೇ ನೋಡಿ ಹೇಳಿದ್ದು.”